ತಪ್ಪದ ಹಾಜರಿ

"ಇನ್ನೊಂದ್ಸಲ ಏಳು. ಎಸ್ರು?"

"ಚಿಕ್ಕಲಕ್ಷ್ಮಮ್ಮ."

"ಮೈ ಎಂಗದೆ?"

"ಚೆನ್ನಾಗದೆ ಸಾ."

"ಚೆನ್ನಾಗಿರೋಳು ಇಂಗಾ ಮುಖ ಮಾಡ್ಕಂಡು ಏಳೋದು?" ಸೂಪರ್‌ವೈಸರ್ ಮೋಹನ್‌ಕುಮಾರ್ ಗಡಿಯಾರ ನೋಡಿಕೊಂಡ. "ವಸಿ ನಗಮ್ಮ."

ಅವಳು ಹಲ್ಲು ತೋರಿಸಿದಳು. ಅಷ್ಟು ಸಾಕೆಂದು ಅವನು ಮುಂದಿನ ಪ್ರಶ್ನೆಗೆ ಹೋದ.

ಕೊಣನೂರಿನ ಆಚೆ, ಮಿಡಿಸೌತೆ ಕಂಪನಿಯ ಶೆಡ್ಡಿನಲ್ಲಿ ಬೆಳಗಿನಿಂದ ಇದೇ ಪಾಠ. ಕಂಪನಿಯ ಹೊರದೇಶದ ಷೇರುದಾರರು ಹೊಸದೊಂದು ಪಟ್ಟು ಹಿಡಿದಿದ್ದರು. ನಿಮ್ಮ ಲಾಭ ಆಮೇಲೆ, ಕಾಯಿ ಬಿಡಿಸುವ ಹೆಂಗಸರ ಕ್ಷೇಮ ಮೊದಲು ತೋರಿಸಿ. ಇಲ್ಲವಾದರೆ ನಮ್ಮ ಬಂಡವಾಳ ವಾಪಸು ಕೊಡಿ. ಅವರ ಕಡೆಯಿಂದ ವಿಚಾರಣೆಗೆ ರೂಪಶ್ರೀ ಎಂಬಾಕೆ ಹಾಸನದಿಂದ ಹೊರಟಾಗಿತ್ತು. ಆಕೆ ಬರುವ ಸುದ್ದಿ ತಿಳಿದ ಎರಡೇ ದಿನದಲ್ಲಿ ಶೆಡ್ಡಿಗೆ ಕುಡಿಯುವ ನೀರು ಬಂತು, ಕೈಗವಸು ಬಂತು, ಕಕ್ಕಸಿಗೆ ಬಾಗಿಲು ಬಂತು. ನಾಲ್ಕು ವರ್ಷ ಬೇಡಿಕೊಂಡರೂ ಬಾರದಿದ್ದ ಬಾಗಿಲು ಅದು.

ಆಕೆ ಬರುತ್ತಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ಯಾರೋ ಪುಣ್ಯಾತ್ಮರು ಷೇರುದಾರರ ಕಚೇರಿಗೆ ಫೋನು ಮಾಡಿದ್ದರು. ಔಷಧಿ ಹೊಡೆದ ಹೊಲಕ್ಕೆ ಅದೇ ದಿನ ಹೆಂಗಸರನ್ನು ಇಳಿಸಿದರು, ಚಿಕ್ಕಲಕ್ಷ್ಮಮ್ಮ ಎಂಬಾಕೆ ವಾಂತಿ ಮಾಡಿಕೊಂಡು ಸಾಲಿನಲ್ಲೇ ಬಿದ್ದರು ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದರು. ಸುಳ್ಳೇನಲ್ಲ. ಮಿಡಿಸೌತೆಯನ್ನು ಒಂದು ದಿನ ಬಳ್ಳಿಯಲ್ಲೇ ಬಿಟ್ಟರೆ ಉಬ್ಬಿಹೋಗಿ ದನಕ್ಕೆ ಹಾಕುವ ಹಾಗಾಗುತ್ತದೆ. ಔಷಧಿ ಆರಲಿ ಎಂದು ಕಾಯುವ ತಾಳ್ಮೆ ಮೋಹನ್‌ಕುಮಾರನಿಗೆ ಇರಲಿಲ್ಲ.

ಅಷ್ಟರಲ್ಲಿ ಕಾಯಿ ಬಿಡಿಸುವ ಸಣ್ಣಕ್ಕನ ಬದಲು ಅವಳ ಸೊಸೆ ಬಂದು ಗೇಟಿನಲ್ಲಿ ನಿಂತಳು. ಈ ಕಡೆ ಅದು ವಾಡಿಕೆ. ಒಬ್ಬರಿಗೆ ಆಗದಿದ್ದರೆ ಮನೆಯ ಇನ್ನೊಬ್ಬರು ಬಂದು ಕಾಯಿ ಬಿಡಿಸಿ ಹೋಗುತ್ತಾರೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

"ಇವತ್ತು ಬದ್ಲಿ ಗಿದ್ಲಿ ನಡೆಯಾಕಿಲ್ಲ," ಮೋಹನ್‌ಕುಮಾರ್ ಗದರಿದ. "ಕಾರ್ಡಲ್ಲಿ ಯಾರ ಎಸ್ರದೋ ಅವ್ರೇ ಬರ್ಬೇಕು. ಓಗು, ನಿಮ್ಮತ್ತೇನ ಕಳ್ಸು."

ಸೊಸೆ ಅವನನ್ನೊಮ್ಮೆ, ಪಾಠ ಒಪ್ಪಿಸುತ್ತಾ ಕೂತಿದ್ದವಳನ್ನೊಮ್ಮೆ ನೋಡಿದಳು. ಬಾಯಿಗೆ ಸೆರಗು ಮುಚ್ಚಿಕೊಂಡು ಬಂದ ದಾರಿಯಲ್ಲೇ ಹೊರಟುಹೋದಳು.

ಕೂತಿದ್ದವಳಿಗೂ ಎದ್ದು ಹೋಗಬೇಕೆನಿಸಿತು. ಆದರೆ ಹೋಗುವುದೆಲ್ಲಿಗೆ? ಮನೆಯ ಹುಡುಗಿ ಸಿಂಧು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದಳು. ಕೊನೆ ವರ್ಷದ ತನಕ ಫೀಸು ಕಂಪನಿಯೇ ಕಟ್ಟುತ್ತದೆಂದು ಮೋಹನ್‌ಕುಮಾರ್ ಮನೆಗೇ ಬಂದು ಹೇಳಿಹೋಗಿದ್ದ. ಇವತ್ತು ಉತ್ತರ ಸರಿಯಾಗಿ ಬಂದರೆ ಮಾತ್ರ. ತಪ್ಪಿದರೆ ಫೀಸೂ ಇಲ್ಲ, ಶೆಡ್ಡೂ ಇಲ್ಲ, ಎಂಬತ್ತು ಹೆಂಗಸರ ಕೂಲಿಯೂ ಇಲ್ಲ. ಆ ಎಂಬತ್ತರಲ್ಲಿ ಹತ್ತು ಜನ ಬಂದು ಅವಳ ಕೈ ಹಿಡಿದು ಅತ್ತಿದ್ದರು. ಎಲ್ಲ ಕಡೆಯಿಂದಲೂ ಕಟ್ಟಿಹಾಕಿದ್ದರು, ಕಟ್ಟಿದವರಲ್ಲಿ ಹೆಚ್ಚಿನವರು ಬೇಕಾದವರೇ.

ಸಿಂಧು ಒಬ್ಬಳು ಮಾತ್ರ ಬೇರೆ ಹೇಳಿದ್ದಳು. ಹತ್ತು ದಿನದಿಂದ ಕಾಲೇಜು ಬಿಟ್ಟು ಮನೆಯಲ್ಲೇ ಕೂತಿದ್ದ ಹುಡುಗಿ, ಬೆಳಿಗ್ಗೆ ಹೊಸ್ತಿಲಲ್ಲಿ ಅಡ್ಡ ನಿಂತಳು. "ನನ್ ಓದಿಗೋಸ್ಕರ ಅಂತ ಸುಳ್ಳೇಳ್ಬೇಡ."

"ಇನ್ಯಾರಿಗೋಸ್ಕರ ಏಳ್ಲವ್ವಾ?" ಎಂದು ಅವಳು ಚಪ್ಪಲಿ ಮೆಟ್ಟಿ ಬಂದಿದ್ದಳು.

ಹನ್ನೊಂದು ಗಂಟೆಗೆ ಕಾರು ಬಂತು. ರೂಪಶ್ರೀ ಕುರ್ಚಿ ಬೇಡವೆಂದು ಕಾಯಿ ತುಂಬುವ ಕ್ರೇಟು ಬೋರಲು ಹಾಕಿಕೊಂಡು ಅವಳೆದುರಿಗೇ ಕೂತಳು. ಮೋಹನ್‌ಕುಮಾರ್ ಹಾಜರಿ ಪುಸ್ತಕ ಬಿಡಿಸಿ ಹಿಡಿದ.

"ನೋಡಿ ಮೇಡಂ. ಬಿದ್ದೋದ್ರು ಅಂತ ಯಾರೋ ಪುಕಾರು ಹಬ್ಬಿಸವ್ರೆ. ಮಾರನೇ ದಿನದಿಂದ್ಲೇ ಕೆಲ್ಸಕ್ಕೆ ಬಂದವ್ರೆ. ಒಂದ್ ದಿನಾನೂ ತಪ್ಪಿಲ್ಲ."

ರೂಪಶ್ರೀ ಪುಸ್ತಕ ನೋಡಿದಳು. ಎದುರಿಗಿದ್ದವಳ ಕೊರಳಿನ ಕಾರ್ಡು ನೋಡಿದಳು. ಫೋಟೋದಲ್ಲಿ ಬಿಸಿಲಿಗೆ ಕಣ್ಣು ಚಿಕ್ಕದು ಮಾಡಿಕೊಂಡ ಮುಖ.

"ಇದರಲ್ಲಿ ಸ್ವಲ್ಪ ದಪ್ಪಗಿದ್ದೀರಿ."

"ಈಗ ಸೊರಗಿವ್ನಿ ಕಣವ್ವ."

"ಬಿಸ್ಲು ಮೇಡಂ," ಮೋಹನ್‌ಕುಮಾರ್ ನಡುವೆ ಬಾಯಿ ಹಾಕಿದ.

"ನೀವು ಸ್ವಲ್ಪ ಹೊರಗಿರಿ," ಎಂದಳು ರೂಪಶ್ರೀ.

ಅವನು ಹೊರಗೆ ಹೋದ. ತಗಡಿನ ಗೋಡೆಗೆ ಕಿವಿ ಹಚ್ಚಿ ನಿಂತಿರುತ್ತಾನೆಂದು ಅವಳಿಗೆ ನೋಡದೆಯೇ ಗೊತ್ತಿತ್ತು.

"ಅವತ್ತು ಔಷಧಿ ಹೊಡೆದ ಹೊಲಕ್ಕೆ ಇಳಿಸಿದ್ರಾ?"

"ಇಲ್ಲ."

"ವಾಂತಿ, ತಲೆಸುತ್ತು?"

"ನಂಗೇನೂ ಆಗ್ಲಿಲ್ಲ."

"ಇಲ್ಲಿ ಯಾರಾದ್ರೂ ನಿಮ್ಮನ್ನ ಹೆದರಿಸಿದ್ದಾರಾ?"

"ಇಲ್ಲ ಕಣವ್ವ. ಎಲ್ರೂ ಚೆನ್ನಾಗಿ ನೋಡ್ಕತಾರೆ."

ಪಾಠ ಒಂದಕ್ಷರ ತಪ್ಪಲಿಲ್ಲ. ರೂಪಶ್ರೀ ಬರೆದುಕೊಂಡು ಪೆನ್ನು ಮುಚ್ಚಿದಳು. ಆಕೆಯ ಮುಖ ಹಗುರಾಯಿತು. ಪಾಪ, ಕೆಟ್ಟವಳಲ್ಲ.

"ಸದ್ಯ. ದಾರಿಯುದ್ದಕ್ಕೂ ಹೆದರಿಕೊಂಡೇ ಬಂದೆ. ಕಣ್ಣಾರೆ ನೋಡಿ ಸಮಾಧಾನ ಆಯ್ತು, ಚಿಕ್ಕಲಕ್ಷ್ಮಮ್ಮ."

ಗದರದೆ, ಪಿಸುಗುಡದೆ, ಅಷ್ಟು ಅಕ್ಕರೆಯಿಂದ ಯಾರಾದರೂ ಆ ಹೆಸರು ಹಿಡಿದು ಕರೆದು ಎಷ್ಟೋ ದಿನವಾಗಿತ್ತು. ಸಿಂಧುವಿನ ಮಾತು ನೆನಪಾಗಿ ಅವಳಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು.

"ನಿಮಗೇನಾದ್ರೂ ಬೇಕಾ? ನೀರು, ನೆರಳು, ರಜೆ, ಏನೇ ಇರಲಿ. ಹೇಳಿ, ಬರ್ಕೋತೀನಿ."

ಈ ಪ್ರಶ್ನೆಗೆ ಮೋಹನ್‌ಕುಮಾರ್ ಉತ್ತರ ಹೇಳಿಕೊಟ್ಟಿರಲಿಲ್ಲ. ಆಳುಗಳನ್ನು ಯಾರಾದರೂ ಹೀಗೆ ಕೇಳಿಯಾರೆಂದು ಅವನಿಗೆ ಹೊಳೆದೇ ಇರಲಿಲ್ಲ. ತಗಡಿನ ಆಚೆ ಅವನು ಜೋರಾಗಿ ಕೆಮ್ಮಿದ.

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಅವನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು.

"ವಸಿ ಬಿರ್ನೆ ಬಿಟ್ಬುಡಿ ಕಣವ್ವ. ನಮ್ಮಕ್ಕ ಚಿಕ್ಕಲಕ್ಷ್ಮಮ್ಮ ಮಣ್ಣಾಗಿ ಇವತ್ಗೆ ಅನ್ನೊಂದ್ ದಿನ, ಮನೇಲಿ ಅವ್ಳ ಮಗ್ಳು ತಿಥಿಗೆ ಕಾಯ್ತಾವ್ಳೆ."