ನುಂಗಿಕೊಂಡ ಕೆಮ್ಮು

ಗಂಟಲಲ್ಲೇ ನುಂಗಿಕೊಂಡ ಕೆಮ್ಮಿನ ಸದ್ದು ಸಣ್ಣದು. ಆದರೂ ನಡುರಾತ್ರಿ ಅದು ರೂಯಿಮೇಯನ್ನು ಎಬ್ಬಿಸಿತು. ಪಕ್ಕದ ಕೋಣೆಗೆ ಹೋಗಿ ದೀಪ ಹಾಕಿದಳು. ಸೊಸೆ ವಾನ್‌ಚಿಂಗ್ ಬಾಯಿಗೆ ದಿಂಬು ಒತ್ತಿಕೊಂಡು ಮಲಗಿದ್ದಳು. ಹಣೆಗೆ ಕೂದಲು ಅಂಟಿಕೊಂಡಿತ್ತು. ಹಾಸಿಗೆಯ ಬಟ್ಟೆ ಹಿಂಡುವಷ್ಟು ಒದ್ದೆ.

"ಯಾವಾಗಿಂದ ಹೀಗೆ?"

"ತುಂಬಾ ದಿನ ಆಯ್ತಮ್ಮ. ಕೆಮ್ಮಿದ್ರೆ ಮಗು ಜಾರಿಹೋಗುತ್ತೆ ಅಂದಿದ್ರಲ್ಲ ನೀವು?"

ಅಂದಿದ್ದು ನಿಜ. ಏಳು ವರ್ಷ ಕಾದು, ಎರಡು ಸಲ ಕಳೆದುಕೊಂಡು, ಮೂರನೆಯ ಸಲ ಡಾಕ್ಟರುಗಳು ಒಳಗೆ ಇಟ್ಟ ಭ್ರೂಣ ನಿಂತಿತ್ತು. ಅಂದಿನಿಂದ ಗರ್ಭ ಕಾಯುವ ಕಟ್ಟುಪಾಡು: ಕೈ ಮೇಲೆತ್ತಬಾರದು, ತಣ್ಣೀರು ಮುಟ್ಟಬಾರದು, ಹಾಸಿಗೆ ಬಿಟ್ಟು ಏಳಬಾರದು. "ಸೀನು ಬಂದ್ರೂ ನನ್ನ ಕೇಳಿ ಸೀನಮ್ಮ" ಎಂದು ರೂಯಿಮೇ ನಗಿಸಿದ್ದಳು. ದೂರದ ಉರುಮ್‌ಚಿ ಕಡೆ ಲಾರಿ ಓಡಿಸುವ ಮಗ ಜ್ಯಾನ್‌ಬೋ, ಫೋನು ಟೀವಿಗಳ ಕಿರಣ ಹೊಟ್ಟೆಗೆ ತಾಗದಿರಲೆಂದು ಬೆಳ್ಳಿಯ ಎಳೆ ನೇಯ್ದ ಏಪ್ರನ್ ಕಳಿಸಿದ್ದ. ವಾನ್‌ಚಿಂಗ್ ಅದನ್ನು ನಿದ್ದೆಯಲ್ಲೂ ಬಿಚ್ಚುತ್ತಿರಲಿಲ್ಲ. ಸಂಜೆ ಸಂಜೆ ಬರುವ ಜ್ವರ ಗರ್ಭ ನಿಲ್ಲಲು ಕೊಡುವ ಇಂಜೆಕ್ಷನ್ನಿನ ಕಾವೆಂದುಕೊಂಡು ರೂಯಿಮೇ ಕಲ್ಲುಸಕ್ಕರೆ ಹಾಕಿ ಬೇಯಿಸಿದ ಪೇರ್ ಹಣ್ಣು, ನವಣೆ ಗಂಜಿ ಕೊಡುತ್ತಲೇ ಇದ್ದಳು.

ನಾನ್‌ಯಾಂಗ್‌ನ ಬೀದಿಗಳಲ್ಲಿ ಬೆಳಕು ಹರಿಯುವ ಮೊದಲೇ ಆಸ್ಪತ್ರೆಗೆ ಟ್ಯಾಕ್ಸಿ ಹಿಡಿದರು. ದಾರಿಯಲ್ಲಿ ವಾನ್‌ಚಿಂಗ್ ಅತ್ತೆಯ ಮಣಿಕಟ್ಟು ಹಿಡಿದಳು. ಅವಳ ಕೈ ಸುಡುತ್ತಿತ್ತು.

"ಏನಾದ್ರೂ ಆದ್ರೆ ಮಗೂನ ಉಳಿಸ್ಕೊಳ್ಳಿ. ಮಾತು ಕೊಡಿ."

"ಆಯ್ತು, ಸುಮ್ನಿರು."

ಡಾಕ್ಟರಮ್ಮ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, "ಎದೆ ಎಕ್ಸ್‌ರೇ ಆಗ್ಲೇಬೇಕು" ಎಂದರು.

"ಬೇಡ!" ವಾನ್‌ಚಿಂಗ್ ಏಪ್ರನ್ನನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು. "ಕಿರಣ ಬಿದ್ರೆ ಮಗೂಗೆ..."

"ಎದೆಗಷ್ಟೇ ಬೀಳೋದು. ಹೊಟ್ಟೆ ಮುಚ್ಚಿರ್ತೀವಿ."

"ಇವರಿಗೇನು ಗೊತ್ತು, ಏಳು ವರ್ಷ ಅಂದ್ರೆ? ಅಮ್ಮಾ, ನೀವಾದ್ರೂ ಹೇಳಿ."

ರೂಯಿಮೇ ಸೊಸೆಯ ಹಿಂದೆ ನಿಂತು ಏಪ್ರನ್ನಿನ ಗಂಟು ಬಿಚ್ಚಿದಳು.

ಆಮೇಲೆ ಡಾಕ್ಟರಮ್ಮ ಅತ್ತೆಯೊಬ್ಬಳನ್ನೇ ಒಳಗೆ ಕರೆದು ಚಿತ್ರ ತೋರಿಸಿದರು. ಎರಡೂ ಶ್ವಾಸಕೋಶಗಳ ತುಂಬ ಬಿಳಿ ಚುಕ್ಕೆ, ಯಾರೋ ಹಿಡಿಹಿಡಿ ನವಣೆ ಚೆಲ್ಲಿದ ಹಾಗೆ.

"ಕ್ಷಯ. ಗರ್ಭನಾಳದಲ್ಲಿ ಮೊದಲೇ ಅಡಗಿತ್ತೇನೋ. ಇಷ್ಟು ವರ್ಷ ಮಕ್ಕಳಾಗದ್ದೂ ಅದಕ್ಕೇ ಇರಬಹುದು. ಈಗ ರಕ್ತದಲ್ಲಿ ಸೇರಿ ಹರಡಿದೆ. ಇವತ್ತೇ ಮಾತ್ರೆ ಶುರು ಮಾಡ್ತೀವಿ. ಇಬ್ಬರನ್ನೂ ಉಳಿಸೋಕೇ ನೋಡ್ತೀವಿ. ಆದ್ರೆ ಇವಳ ಉಸಿರು ಕೈಕೊಟ್ಟು, ಕೇಳೋಕೆ ಇವಳಿಗೆ ಎಚ್ಚರಾನೂ ಇಲ್ಲದೆ ಹೋದ್ರೆ? ಗಂಡನ ಫೋನು ಸಿಗ್ತಿಲ್ಲ. ನೀವು ಹೇಳಿ. ಯಾರು ಮೊದಲು?"

ರೂಯಿಮೇ ಕೈಯಲ್ಲಿದ್ದ ಏಪ್ರನ್ನನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ಸೊಸೆ" ಎಂದಳು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಗಟ್ಟಿಯಾಗಿ: "ನನ್ನ ಸೊಸೆ."

ಹೊರಗೆ ವಾನ್‌ಚಿಂಗ್ ಗಾಲಿಕುರ್ಚಿಯಲ್ಲಿ ಮಾಸ್ಕ್ ಹಾಕಿಕೊಂಡು ಕಾಯುತ್ತಿದ್ದಳು. ಕಣ್ಣಷ್ಟೇ ಕಾಣುತ್ತಿತ್ತು.

"ಡಾಕ್ಟರು ಏನು ಕೇಳಿದ್ರಮ್ಮ?"

"ಏನು ಕೇಳ್ತಾರೆ? ಊಟ, ನಿದ್ದೆ."

"ಕೊಟ್ಟ ಮಾತು ನೆನಪಿದೆ ತಾನೆ?"

"ಇದೆ."

ರೂಯಿಮೇಯ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಜ್ಯಾನ್‌ಬೋ. ಡಾಕ್ಟರು ಕೇಳಿದ್ದು ಊಟ, ನಿದ್ದೆ ಎಂದೇ ಅವನಿಗೂ ಹೇಳಬೇಕು. ಮಗು ಉಳಿದರೂ ಅಷ್ಟೇ, ಉಳಿಯದಿದ್ದರೂ ಅಷ್ಟೇ. ಆ ಕೋಣೆಯಲ್ಲಿ ತಾನು ಆಡಿದ ಮಾತನ್ನು ಯಾರಿಗೂ ಹೇಳಬಾರದು, ಎಂದಿಗೂ.

ಅಷ್ಟರಲ್ಲಿ ವಾನ್‌ಚಿಂಗ್‌ಗೆ ಕೆಮ್ಮು ಬಂತು. ಅಭ್ಯಾಸದಂತೆ ಉಸಿರು ಬಿಗಿಹಿಡಿದು ಅತ್ತೆಯ ಮುಖ ನೋಡಿದಳು.

"ಕೆಮ್ಮಮ್ಮ" ಎಂದಳು ರೂಯಿಮೇ, ಅವಳ ಬೆನ್ನು ಸವರುತ್ತ. "ನೀನಾದ್ರೂ ನುಂಗಬೇಡ."