ರೆಕ್ಕೆ ತಿರುಗಿಸುವ ಕೈ

“ಮೊದಲು ಆ ಪೆಟ್ಟಿಗೆ ಬಿಚ್ಚು, ಆಮೇಲೆ ಮಾತು,” ಎಂದಳು ಅತ್ತೆ.

ಮಿಂಚು ಬಿಚ್ಚಲಿಲ್ಲ. ಅವಳ ಕ್ಯಾಟಮರಾನ್, ಎರಡು ಸಪೂರ ದೋಣಿಗಳನ್ನು ಅಕ್ಕಪಕ್ಕ ಇಟ್ಟು ನಡುವೆ ಸೇತುವೆ ಹಾಕಿದಂತಿದ್ದ ಆ ಪಂದ್ಯದ ದೋಣಿ, ಗೂಟಕ್ಕೆ ಕಟ್ಟಿದ ಕುದುರೆಯ ಹಾಗೆ ದಕ್ಕೆಯ ಬದಿಯಲ್ಲಿ ಜಗ್ಗುತ್ತಿತ್ತು. ಅದರ ಹೊಟ್ಟೆಯ ಕೆಳಗೆ ನೀರಿನಲ್ಲಿ ತೆಳುವಾದ ರೆಕ್ಕೆಗಳು. ವೇಗ ಬಂದರೆ ಇಡೀ ದೋಣಿ ನೀರು ಬಿಟ್ಟು ಆ ರೆಕ್ಕೆಗಳ ಮೇಲೆ ಎದ್ದು ಓಡುತ್ತದೆ; ರೆಕ್ಕೆಯ ಓರೆ ಕೂದಲೆಳೆಯಷ್ಟು ತಪ್ಪಿದರೂ ಮೂತಿ ನೀರಿಗೆ ನಾಟಿ ಮಗುಚುತ್ತದೆ. ರೆಕ್ಕೆಯನ್ನು ಮನುಷ್ಯರ ಕೈಯೇ ತಿರುಗಿಸಬೇಕು ಎನ್ನುವುದು ಪಂದ್ಯದ ನಿಯಮ. ಮಿಂಚುವಿನ ಪೆಟ್ಟಿಗೆ ಅದನ್ನು ತಾನೇ ತಿರುಗಿಸುತ್ತಿತ್ತು. ನಿಯಮ ಬರೆದವಳು ಅತ್ತೆ. ಪೆಟ್ಟಿಗೆ ಮಾಡಿದವಳು ಅವಳ ಒಡಹುಟ್ಟಿದ ಅಣ್ಣನ ಮಗಳು. ಮುಂದಿನ ವರ್ಷದ ದೋಣಿಗಳು ಹೇಗಿರಬೇಕೆಂದು ಸಂಜೆ ಸಮಿತಿ ಕೂಡಲಿತ್ತು. ಪೆಟ್ಟಿಗೆಗೆ ಅರ್ಧ ಜನ ಹೂಂ, ಅರ್ಧ ಜನ ಊಹೂಂ. ಅತ್ತೆ ಯಾವ ಕಡೆಗೆ ವಾಲುತ್ತಾಳೋ ತಕ್ಕಡಿ ಆ ಕಡೆಗೆ.

“ಒಂದೇ ಒಂದು ಸಲ ಕೂತು ನೋಡಿ ಅತ್ತೆ. ಬೇಡ ಅನ್ನಿಸಿದ್ರೆ ನೀವೇ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ ಬಿಸಾಕಿ.”

“ಕೂರಿಸಿದ್ರೆ ಮರುಳಾಗಿಬಿಡ್ತೀನಿ ಅಂತ ನಿನ್ನ ಲೆಕ್ಕ.”

“ಇಲ್ಲೇ ನಿಂತು ಬೇಡ ಅನ್ನೋದು, ಬಾಯಿಗೇ ಇಡದೆ ಉಪ್ಪು ಕಮ್ಮಿ ಅಂದ ಹಾಗೆ.”

ಅತ್ತೆಗೆ ನಗು ತಡೆಯಲಾಗಲಿಲ್ಲ. ದಕ್ಕೆಯ ಬೆಂಚಿನ ಮೇಲೆ, ಊರುಗೋಲನ್ನು ತೊಡೆಗೆ ಅಡ್ಡ ಇಟ್ಟುಕೊಂಡು ಕೂತಿದ್ದ ಅಣ್ಣನ ಕಡೆ ತಿರುಗಿದಳು. ಒಂದು ಕಾಲಕ್ಕೆ ಅಣ್ಣ ತಂಗಿ ಒಂದೇ ದೋಣಿ ಓಡಿಸಿದವರು. ಹಾಯಿ ಇವಳದು, ಚುಕ್ಕಾಣಿ ಅವನದು. ಮೂತಿ ನಾಟಿದ ದಿನ ಇವಳು ಹಾರಿ ನೀರಿಗೆ ಬಿದ್ದು ಬದುಕಿದಳು. ಅವನ ಕಾಲು ಹಾಯಿಕಂಬದಡಿ ಸಿಕ್ಕಿಕೊಂಡಿತು.

“ನನ್ನ ಮುಖದಲ್ಲೇನು ಬರೆದಿದೆ? ಹೋಗಿ ಬಾ,” ಎಂದ ಅಣ್ಣ. “ಈ ಕಾಲದ ದೋಣಿ ಒಳಗೆ ಕೂತ್ರೆ ಹೇಗಿರುತ್ತೆ ಅಂತ ನಂಗೂ ತಿಳೀಬೇಕು.”

ಹೆಲ್ಮೆಟ್ ಹಾಕಿಕೊಂಡು, ಮೊಣಕಾಲನ್ನು ಬೈದುಕೊಳ್ಳುತ್ತ ಅತ್ತೆ ಇಳಿದಳು. ದಕ್ಕೆ ಹಿಂದಾಗುತ್ತಿದ್ದಂತೆ ದೋಣಿ ಮೆಲ್ಲಗೆ ಎದ್ದಿತು, ಅಲೆ ಬಡಿಯುವ ಸದ್ದು ಕತ್ತರಿಸಿದಂತೆ ನಿಂತುಹೋಯಿತು. ಉಳಿದದ್ದು ಸಿಳ್ಳೆಯಂಥ ಒಂದು ಎಳೆ ದನಿ ಮಾತ್ರ. ನೀರು ಎಲ್ಲೋ ಕೆಳಗೆ, ತಮಗೆ ಸಂಬಂಧವೇ ಇಲ್ಲದಂತೆ, ಹಿಂದಕ್ಕೆ ಓಡುತ್ತಿತ್ತು. ಅತ್ತೆ ಚಿಕ್ಕ ಹುಡುಗಿಯ ಹಾಗೆ ಬಗ್ಗಿ ಬಗ್ಗಿ ನೋಡಿದಳು.

“ಅಲೆ ಇನ್ನೂ ಮುಟ್ಟೇ ಇಲ್ಲ, ರೆಕ್ಕೆಗೆ ಹೇಗೆ ಗೊತ್ತಾಗುತ್ತೆ?”

“ಮೂತೀಲಿ ಒಂದು ಕಣ್ಣು ಇಟ್ಟಿದೀನಿ. ಅದು ಮುಂದೆ ನೋಡಿ ಪೆಟ್ಟಿಗೆಗೆ ಹೇಳುತ್ತೆ, ಪೆಟ್ಟಿಗೆ ರೆಕ್ಕೆಗೆ ಹೇಳುತ್ತೆ.” ಮಿಂಚುವಿನ ಉತ್ತರ ಹೆಲ್ಮೆಟ್ಟಿನೊಳಗೆ, ಕಿವಿಗೇ ಬಂತು. ಅವಳ ಕಣ್ಣು ಚುಕ್ಕಾಣಿಯ ನಡುವಿನ ಅಂಗೈಯಗಲದ ಪರದೆಯ ಮೇಲಿತ್ತು. “ನೋಡಿ, ವೇಗ ಇನ್ನೂ ಏರ್ತಾ ಇದೆ!”

ದಡದ ದಿಬ್ಬದ ಮರೆ ದಾಟಿದ್ದೇ ತಡ, ನೀರಿನ ಮೇಲೆ ಕಪ್ಪು ಮಚ್ಚೆಯೊಂದು ಇತ್ತ ಓಡಿಬರುವುದು ಅತ್ತೆಗೆ ಕಂಡಿತು. ಗಾಳಿ ಎರಗಿತು, ಮೂತಿ ಬಗ್ಗಿತು, ಅವತ್ತು ಬಗ್ಗಿದಂತೆಯೇ. ಅವಳ ಕೈ ಅವಳನ್ನು ಕೇಳದೆ ಹಾಯಿಯ ಹಗ್ಗಕ್ಕೆ ಹೋಯಿತು. ಹಗ್ಗ ಸಿಗುವಷ್ಟರಲ್ಲಿ ಮೂತಿ ಎದ್ದಾಗಿತ್ತು. ದೋಣಿ ಗೆರೆ ಎಳೆದಂತೆ ನೆಟ್ಟಗೆ ಹೋಗುತ್ತಿತ್ತು; ಮಿಂಚುವಿನ ಕಣ್ಣು ಇನ್ನೂ ಪರದೆಯ ಮೇಲೇ ಇತ್ತು. ಹಗ್ಗ ಹಿಡಿದ ಕೈ ಮುಂದೇನು ಮಾಡಬೇಕೆಂದು ತೋಚದೆ ಅಲ್ಲೇ ಉಳಿಯಿತು. ಇಷ್ಟೇ ಸಾಕಿತ್ತಲ್ಲ, ಅಣ್ಣನ ಕಾಲು ಉಳಿಯಲು ಇಷ್ಟೇ ಸಾಕಿತ್ತಲ್ಲ ಎಂದುಕೊಂಡಳು. ದಡ ಸೇರುವವರೆಗೆ ಅವಳು ಆ ಹಗ್ಗ ಬಿಡಲಿಲ್ಲ.

ದಕ್ಕೆ ಹತ್ತಿದವಳೇ ಹೇಳಿದಳು: “ಪೆಟ್ಟಿಗೆ ಇರಲಿ. ನಿಯಮ ಬದಲಾಗುತ್ತೆ. ಸಮಿತೀಲಿ ಯಾರು ಎಷ್ಟೇ ಹಾರಾಡಲಿ, ನಾನು ನೋಡ್ಕೋತೀನಿ.” ಆಮೇಲೆ ಅಣ್ಣನ ಪಕ್ಕ ಕುಸಿದು ಕೂತು, ದನಿ ತಗ್ಗಿಸಿದಳು. “ದಿಬ್ಬ ದಾಟಿದ ಕೂಡ್ಲೇ ಬಂತು ಅಣ್ಣ. ಅದೇ ಗಾಳಿ.”

ಅಣ್ಣ ಕೋಲೂರಿ ಎದ್ದೇಬಿಟ್ಟ. ಆ ಗಾಳಿಯನ್ನು ಕಂಡೂ ಒಣಬಟ್ಟೆಯಲ್ಲಿ ದಡಕ್ಕೆ ಬಂದವರನ್ನು ಅವನು ಈವರೆಗೆ ನೋಡಿರಲಿಲ್ಲ. ಹಗ್ಗ ಕಟ್ಟಿ ಮೇಲೆ ಬರುತ್ತಿದ್ದ ಮಗಳ ಭುಜ ಹಿಡಿದು, ಕತೆ ಕೇಳುವ ಮಗುವಿನಂತೆ ಬಾಗಿದ.

“ಹೇಳೇ, ಹೇಳು. ಚುಕ್ಕಾಣಿ ನಿನ್ನ ಕೈಲಿತ್ತಲ್ಲ. ಆ ಗಾಳಿ ಬಂದಾಗ ಹೇಗಿತ್ತು?”

ಮಿಂಚು ಹೆಲ್ಮೆಟ್ ತೆಗೆದು ಕೂದಲು ಕೊಡವಿಕೊಂಡಳು. ಗೆದ್ದ ನಗು ಇನ್ನೂ ಮುಖದ ಮೇಲಿತ್ತು. ಅಪ್ಪನನ್ನು ನೋಡಿದಳು, ಅತ್ತೆಯನ್ನು ನೋಡಿದಳು.

“ಯಾವ ಗಾಳಿ, ಅಪ್ಪ?”