ನೆಲಬಾಂಬುಗಳಿಗೆ ಹೇಳಿದ ಮಾತು

ಕಳೆದ ಯುದ್ಧದಲ್ಲಿ ಹೂತಿಟ್ಟ ನೆಲಬಾಂಬುಗಳಿಗೆ ಮನುಷ್ಯರ ಮಾತು ಅರ್ಥವಾಗುತ್ತಿತ್ತು. ಯುದ್ಧ ಮುಗಿದಿದೆ ಎಂದು ನಂಬಿದರೆ ಅವು ಸಣ್ಣಗೆ ಸಿಳ್ಳೆ ಹಾಕಿ ಶಾಶ್ವತವಾಗಿ ಮಲಗಿಬಿಡುತ್ತಿದ್ದವು. ಅವುಗಳನ್ನು ನಂಬಿಸುವುದೇ ಗಡಿನಾಡ ಬಾನುಲಿಯ ಶಕೀಲಾಳ ಕೆಲಸ. ಅವಳ ಕಾರ್ಯಕ್ರಮ ಅವಕ್ಕೂ ಕೇಳಲಿ ಎಂದು ಜನ ಹೊಲದ ಬೇಲಿಗಳಿಗೆ ರೇಡಿಯೋ ನೇತುಹಾಕಿದ್ದರು. ದಿನವೂ ಅವಳು ಶಾಂತಿ ಒಪ್ಪಂದ ಓದುತ್ತಿದ್ದಳು. ಆದರೂ ಮಲಗಿದವು ಕೆಲವೇ.

ಅಂದು ಮಧ್ಯಾಹ್ನ ನೇರಪ್ರಸಾರದ ನಡುವೆ ಕುರಿ ಮೇಯಿಸುವ ದ್ಯಾಮವ್ವನ ಫೋನ್ ಬಂತು.

"ಅಕ್ಕಾರ, ಒಂದರ ಮ್ಯಾಲ ಕಾಲಿಟ್ಟೀನ್ರಿ. ಕಾಲು ತಗದ್ರ ಸಿಡೀತೈತಿ."

ಶಕೀಲಾ ಒಪ್ಪಂದ ಓದಿದಳು.

"ಸಿಳ್ಳೆ ಬರ್ಲಿಲ್ರಿ" ಎಂದಳು ದ್ಯಾಮವ್ವ.

ಶಕೀಲಾ ಹಾಳೆಯನ್ನು ಬದಿಗಿಟ್ಟಳು. "ಯವ್ವಾ, ನೀವೇ ಅದಕ್ಕ ಹೇಳಿ ನೋಡ್ರಿ."

ದ್ಯಾಮವ್ವ ಕಾಲಡಿಯ ಬಾಂಬಿನ ಮೇಲೆ ರೇಗಿದಳು.

"ಇನ್ನೂ ಯಾರನ್ನ ಕಾಯಾಕ ಹತ್ತೀಯೋ? ಸೈನಿಕರು ಮನಿಗೆ ಹೋದ್ರು. ಆ ಕಡೆ ಹುಡುಗೀನ್ನ ನಮ್ಮ ಮಗಗ ತಂದ್ಕೊಂಡೀವಿ. ಮೊಮ್ಮಗಳು ಎರಡೂ ಭಾಷಾದಾಗ ಬೈತಾಳ. ಸಾಕು, ಮಲ್ಕೋ!"

ಫೋನಿನಲ್ಲಿ ತೆಳ್ಳನೆಯ ಸಿಳ್ಳೆ ಕೇಳಿಸಿತು.

"ಕಾಲು ತಗದ್ನ್ರೀ ಅಕ್ಕಾರ! ಏನೂ ಆಗ್ಲಿಲ್ಲ!"

ಅಷ್ಟರಲ್ಲಿ ಉಳಿದ ಫೋನುಗಳೂ ಹೊಡೆದುಕೊಳ್ಳತೊಡಗಿದವು. ಎಲ್ಲರದೂ ಒಂದೇ ಮಾತು: "ನಮ್ಮ ಹೊಲದ ತುಂಬ ಸಿಳ್ಳೆ ಕೇಳಾಕ ಹತ್ತೇತ್ರಿ!"

ಶಕೀಲಾ ಅಳುತ್ತ ನಗುತ್ತ ತನ್ನ ಮೈಕು ಆರಿಸಿದಳು. ದ್ಯಾಮವ್ವ ಫೋನ್ ಇಡುವುದನ್ನು ಮರೆತಿದ್ದಳು. ಬಾನುಲಿಯಲ್ಲಿ ಬಹಳ ಹೊತ್ತು, ಅವಳು ಕುರಿಗಳನ್ನು ಹೊಡೆದುಕೊಂಡು ಆ ಹೊಲ ದಾಟುವ ಸದ್ದಷ್ಟೇ ಬಿತ್ತರವಾಯಿತು.